ಖಾರದ ಬೆನ್ನುಹತ್ತಿ ಲಿವರ್‌ವರೆಗೆ

ಕುಂದಗೋಳ, ಅಣ್ಣಿಗೇರಿ, ನವಲಗುಂದದ ಎರೆಹೊಲಗಳಲ್ಲಿ ಮಳೆ ನಂಬಿ ಬೆಳೆದ ಬ್ಯಾಡಗಿ ಮೆಣಸಿನಕಾಯಿ ಕಣದಲ್ಲಿ ಒಣಗಿ, ಸುಕ್ಕುಗಟ್ಟಿ ಚೀಲ ಸೇರುತ್ತದೆ. ಸೋಮವಾರ, ಗುರುವಾರದ ಬ್ಯಾಡಗಿ ಪೇಟೆಯಲ್ಲಿ ಖರೀದಿದಾರ ನೋಡುವುದು ಬಣ್ಣ ಮತ್ತು ತೇವ. ಖಾರದ ಮಾತು ಆಮೇಲೆ. 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ಈ ತಳಿಯ ಹೆಚ್ಚುಗಾರಿಕೆಯೇ ಅದು: ಬಣ್ಣ ಹೆಚ್ಚು, ಖಾರ ಕಡಿಮೆ.

ಒಂದು ಕಾಯಿ ಸೀಳಿದರೆ ಬೀಜ ಅಂಟಿಕೊಂಡ ಬಿಳಿ ನರ ಕಾಣುತ್ತದೆ. ಖಾರ ಹುಟ್ಟುವುದು ಅಲ್ಲಿ. ಬೀಜ ಸುಮ್ಮನೆ ಹೆಸರು ಕೆಡಿಸಿಕೊಂಡಿದೆ. ಆ ಖಾರವನ್ನು ಹರಳಾಗಿ ಬೇರ್ಪಡಿಸಿ ‘ಕ್ಯಾಪ್ಸೈಸಿನ್’ ಎಂದು ಹೆಸರಿಟ್ಟವನು ಇಂಗ್ಲೆಂಡಿನ ಜಾನ್ ಥ್ರೆಶ್, 1876ರಲ್ಲಿ. ಅದೇ ವರ್ಷ ಕಾರ್ಲ್ ಕುಫರ್ ಎಂಬ ಅಂಗರಚನಾ ತಜ್ಞ ಲಿವರ್‌ನ ತೆಳು ಚೂರುಗಳಿಗೆ ಚಿನ್ನದ ಲವಣದ ದ್ರಾವಣ ಹಾಕಿ ನೋಡುವಾಗ ನಕ್ಷತ್ರದಂತೆ ಕವಲೊಡೆದ ಜೀವಕೋಶಗಳನ್ನು ಕಂಡ. ಈ ಎರಡು ದಾರಿ ಕೂಡಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು.

ಆ ನಕ್ಷತ್ರಕೋಶಗಳು ‘ಎ’ ಜೀವಸತ್ವವನ್ನು ಕೂಡಿಟ್ಟುಕೊಂಡು ತಣ್ಣಗಿರುತ್ತವೆ. ಸೆರೆ, ಹೆಪಟೈಟಿಸ್ ವೈರಾಣು, ಲಿವರ್‌ನಲ್ಲಿ ತುಂಬಿದ ಕೊಬ್ಬು ಇವು ವರ್ಷಗಟ್ಟಲೆ ಕಾಡಿದರೆ ದಾಸ್ತಾನು ಚೆಲ್ಲಿ ನಾರು ನೇಯಲು ಶುರುಮಾಡುತ್ತವೆ. ಗಾಯದ ಕಲೆಯಂಥ ಆ ನಾರೇ ಫೈಬ್ರೋಸಿಸ್, ಬೆಳೆದರೆ ಸಿರೋಸಿಸ್.

ಇತ್ತ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಇಲಿಗಳಿಗೆ ಕ್ಯಾಪ್ಸೈಸಿನ್, ಅರಿಸಿನದ ಕರ್ಕ್ಯುಮಿನ್ ತಿನ್ನಿಸಿ ಕೊಲೆಸ್ಟರಾಲ್ ಏನಾಗುತ್ತದೆ ಎಂದು 1980ರ ಹೊತ್ತಿಗೇ ನೋಡುತ್ತಿದ್ದರು. 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ತಂಡ ನರಕೋಶದಲ್ಲಿ ಖಾರ ಹೋಗಿ ತಟ್ಟುವ ಬಾಗಿಲನ್ನೇ ಪತ್ತೆಮಾಡಿತು. 2021ರ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ಲಿವರ್ ಕಡೆಯ ಸುದ್ದಿ ಬಂದದ್ದು 2015ರಲ್ಲಿ, ವಿಯೆನ್ನಾದ ಲಿವರ್ ಸಮ್ಮೇಳನದಲ್ಲಿ. ಬ್ರಸೆಲ್ಸ್‌ನ ಸಂಶೋಧಕರು ಆಹಾರದಲ್ಲಿ ಕ್ಯಾಪ್ಸೈಸಿನ್ ಬೆರೆಸಿ ಕೊಟ್ಟ ಇಲಿಗಳಲ್ಲಿ ನಕ್ಷತ್ರಕೋಶಗಳ ಅಬ್ಬರ ತಗ್ಗಿತ್ತು. ಪಿತ್ತನಾಳ ಕಟ್ಟಿದ ಇಲಿಗಳಲ್ಲಿ ಹಾನಿ ಮುಂದುವರಿಯದೆ ನಿಂತಿತು. ರಾಸಾಯನಿಕ ವಿಷವುಣಿಸಿದ ಇಲಿಗಳಲ್ಲಿ ಮುಂಚೆಯೇ ಕೊಟ್ಟಾಗ ಲಿವರ್‌ಗೆ ರಕ್ಷಣೆ ಸಿಕ್ಕಿತು. ನಾರು ಆಗಲೇ ಬಲಿತಿದ್ದಾಗ ಅದು ಕರಗಲಿಲ್ಲ.

ಈ ಕೊನೆಯ ಮಾತನ್ನು ಸುದ್ದಿ ಹಂಚುವವರು ಬಿಟ್ಟುಬಿಡುತ್ತಾರೆ. ನಮ್ಮೂರ ಕಡೆ ಕಾಮಣಿಯಾದವರಿಗೆ ಹಿರಿಯರು ಮೊದಲು ಬಿಡಿಸುವುದೇ ಖಾರ. ಈಗ ಮೊಬೈಲಿನಲ್ಲಿ ‘ಖಾರ ತಿನ್ರಿ, ಲಿವರ್ ಉಳಸ್ಕೋರಿ’ ಎಂಬ ಉಪದೇಶ ಓಡಾಡಿದರೆ ಅಚ್ಚರಿಯಿಲ್ಲ. ಇಲಿಗೆ ಅಳೆದು ಕೊಟ್ಟ ಶುದ್ಧ ಕ್ಯಾಪ್ಸೈಸಿನ್ ಬೇರೆ, ರೊಟ್ಟಿಗೆ ಹಚ್ಚಿಕೊಳ್ಳುವ ಕೆಂಪು ಚಟ್ನಿ ಬೇರೆ. ಅದರಲ್ಲೂ ಬ್ಯಾಡಗಿ ಬೆಳೆಗಾರನಿಗೆ ದುಡ್ಡು ತರುವುದು ಬಣ್ಣವೇ ಹೊರತು ಕ್ಯಾಪ್ಸೈಸಿನ್ ಅಲ್ಲ. ಚಟ್ನಿ ರುಚಿಗೆ ತಿನ್ನಿ, ಔಷಧವೆಂದಲ್ಲ.

ಲಿವರ್ ಕಾಯಲು ಕೈಗೆಟುಕುವ ದಾರಿ ಬೇರೆಯೇ ಇವೆ. ಕೂಸು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ‘ಬಿ’ ಲಸಿಕೆ ಹಾಕಿಸಿ. ಸೆರೆ ಬಿಡಿ. ಕಣ್ಣು ಹಳದಿಯಾದರೆ ಸೊಪ್ಪಿನ ರಸ ಹುಡುಕುತ್ತ ದಿನ ಕಳೆಯದೆ ರಕ್ತ ಪರೀಕ್ಷೆ ಮಾಡಿಸಿ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಹೆಪಟೈಟಿಸ್ ‘ಬಿ’, ‘ಸಿ’ ಪರೀಕ್ಷೆ, ಚಿಕಿತ್ಸೆ ಎರಡೂ ಉಚಿತ.