ವೈದ್ಯಕೀಯ ತರಬೇತಿಯಲ್ಲಿ ಆನ್‌ಲೈನ್ ಹಾಗೂ ಮುಖಾಮುಖಿ ಕಲಿಕೆ: ಅರ್ಜಿದಾರರಿಗೆ ಮಾಹಿತಿ

ಪಾಠದ ಒಂದು ಭಾಗವನ್ನು ಅಂತರ್ಜಾಲದ ಮೂಲಕವೂ, ಉಳಿದುದನ್ನು ಪ್ರಯೋಗಾಲಯ ಹಾಗೂ ಆಸ್ಪತ್ರೆಯಲ್ಲಿ ಮುಖಾಮುಖಿಯಾಗಿಯೂ ಬೋಧಿಸುವ ಕ್ರಮಕ್ಕೆ ಮಿಶ್ರ ಕಲಿಕೆ ಎನ್ನಲಾಗುತ್ತದೆ. ಅರಕಲಗೂಡು ತಾಲ್ಲೂಕಿನ ಕೊಣನೂರು ಹೋಬಳಿಯಂತಹ ಗ್ರಾಮೀಣ ಪ್ರದೇಶಗಳಿಂದ ವೈದ್ಯಕೀಯ ಅಥವಾ ಶುಶ್ರೂಷಾ ಶಿಕ್ಷಣಕ್ಕೆ ಅರ್ಜಿ ಸಲ್ಲಿಸುವವರು ಇದರ ಮಿತಿಯನ್ನು ಅರಿತಿರುವುದು ಅವಶ್ಯಕ.

ವ್ಯಾಸಂಗದ ಅವಧಿಯಲ್ಲಿ

ಜಿಲ್ಲೆಯ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು 2006ರಲ್ಲಿ ಆರಂಭವಾಗಿದ್ದು, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿದೆ. 2020ರಲ್ಲಿ ಕೋವಿಡ್ ನಿಮಿತ್ತ ದೇಶದ ವೈದ್ಯಕೀಯ ಕಾಲೇಜುಗಳು ಮುಚ್ಚಿದಾಗ ಉಪನ್ಯಾಸಗಳನ್ನು ಆನ್‌ಲೈನ್ ಮೂಲಕ ಮುಂದುವರಿಸಲಾಯಿತು. ಆದರೆ ನಾಡಿ ನೋಡುವುದು, ಹೊಟ್ಟೆ ಒತ್ತಿ ಪರೀಕ್ಷಿಸುವುದು, ಹೊಲಿಗೆ ಹಾಕುವುದು, ಹೆರಿಗೆ ಮಾಡಿಸುವುದು ಪರದೆಯ ಮೇಲೆ ಕಲಿಯತಕ್ಕವಲ್ಲ. ಆದುದರಿಂದಲೇ ಎಂ.ಬಿ.ಬಿ.ಎಸ್. ವ್ಯಾಸಂಗಕ್ಕೆ ಉಪನ್ಯಾಸಗಳಲ್ಲಿ ಶೇ. 75 ಹಾಗೂ ಪ್ರಾಯೋಗಿಕ ತರಗತಿಗಳಲ್ಲಿ ಶೇ. 80ರಷ್ಟು ಕನಿಷ್ಠ ಹಾಜರಾತಿಯನ್ನು ನಿಗದಿಪಡಿಸಲಾಗಿದೆ. ತದನಂತರ ಒಂದು ವರ್ಷದ ಇಂಟರ್ನ್‌ಶಿಪ್ ಕಡ್ಡಾಯವಾಗಿರುತ್ತದೆ.

ಸೇವೆಯಲ್ಲಿರುವ ವೈದ್ಯರಿಗೆ

ಈಗಾಗಲೇ ರೋಗಿಗಳನ್ನು ನೋಡುತ್ತಿರುವ ವೈದ್ಯರಿಗೆ ಮಿಶ್ರ ಕಲಿಕೆಯು ಹೆಚ್ಚು ಉಪಯುಕ್ತವಾಗಿದೆ. ಡಾ. ಸಂಜೀವ್ ಅರೋರಾ ಅವರು 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಆರಂಭಿಸಿದ ‘ಎಕೋ’ ಪದ್ಧತಿಯನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಮಾನಸಿಕ ಆರೋಗ್ಯ ಹಾಗೂ ವ್ಯಸನ ಚಿಕಿತ್ಸೆಯ ತರಬೇತಿಗೆ ಅಳವಡಿಸಿಕೊಂಡಿದೆ. ದೂರದ ಊರಿನ ವೈದ್ಯರು ತಮ್ಮ ರೋಗಿಯ ವಿವರವನ್ನು, ಗುರುತು ಬಹಿರಂಗಪಡಿಸದೆ, ವಿಡಿಯೋ ಮೂಲಕ ತಜ್ಞರ ಮುಂದಿಟ್ಟು ಚರ್ಚಿಸುತ್ತಾರೆ. ಇದರಿಂದ ತಜ್ಞರ ಅನುಭವವು ರೋಗಿಯ ಊರಿಗೇ ತಲುಪುತ್ತದೆ.

ಅರ್ಜಿದಾರರ ಗಮನಕ್ಕೆ

1. ವೈದ್ಯಕೀಯ, ದಂತ ವೈದ್ಯಕೀಯ, ಶುಶ್ರೂಷೆ, ಔಷಧ ವಿಜ್ಞಾನ ಹಾಗೂ ಫಿಸಿಯೋಥೆರಪಿ ಪದವಿಗಳನ್ನು ದೂರಶಿಕ್ಷಣ ಅಥವಾ ಸಂಪೂರ್ಣ ಆನ್‌ಲೈನ್ ಕ್ರಮದಲ್ಲಿ ನೀಡುವುದಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗದ 2020ರ ವಿನಿಯಮಗಳಲ್ಲಿ ಅವಕಾಶವಿಲ್ಲ.

2. ‘ಮನೆಯಿಂದಲೇ ನರ್ಸಿಂಗ್ ಪದವಿ’ ಎಂಬ ಜಾಹೀರಾತನ್ನು ನಂಬಿ ಶುಲ್ಕ ಪಾವತಿಸತಕ್ಕದ್ದಲ್ಲ. ಅಂತಹ ಪ್ರಮಾಣಪತ್ರದಿಂದ ವೃತ್ತಿ ನೋಂದಣಿ ದೊರೆಯುವುದಿಲ್ಲ. ಹಣದೊಡನೆ ವಿದ್ಯಾರ್ಥಿಯ ವರ್ಷಗಳೂ ವ್ಯರ್ಥವಾಗುತ್ತವೆ.

3. ವೈದ್ಯಕೀಯ ಕಾಲೇಜಿನ ಮಾನ್ಯತೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಟ್ಟಿಯಲ್ಲಿಯೂ, ಶುಶ್ರೂಷಾ ಕಾಲೇಜಿನ ಮಾನ್ಯತೆಯನ್ನು ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿಯೂ ಖಚಿತಪಡಿಸಿಕೊಳ್ಳುವುದು.

4. ಎಂ.ಬಿ.ಬಿ.ಎಸ್. ಪ್ರವೇಶಕ್ಕೆ ನೀಟ್ ಅರ್ಹತೆ ಕಡ್ಡಾಯ. ರಾಜ್ಯದ ಸರ್ಕಾರಿ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಹಂಚಿಕೆ ಮಾಡಲಾಗುತ್ತದೆ.

5. ಶುಲ್ಕ ಪಾವತಿಸುವ ಮುನ್ನ, ಪ್ರಾಯೋಗಿಕ ತರಬೇತಿ ನಡೆಯುವ ಆಸ್ಪತ್ರೆಯ ಹೆಸರನ್ನು ಕಾಲೇಜಿನಿಂದ ಲಿಖಿತವಾಗಿ ಪಡೆದು, ಸಾಧ್ಯವಾದಲ್ಲಿ ಖುದ್ದಾಗಿ ಭೇಟಿ ನೀಡಿ ಪರಿಶೀಲಿಸಲು ಪೋಷಕರಲ್ಲಿ ಕೋರಲಾಗಿದೆ.