ಹಿಟ್ಟಿನ ಕೋಳಿಯೂ ಬೆಳ್ಳಿತೆರೆಯೂ

ತೆರೆಯ ಮೇಲೆ ನಡೆಯುವ ಕೊಲೆಯಲ್ಲಿ ನೋಡುವವನಿಗೂ ಪಾಲು ಉಂಟೆ? ಮರೆಯಲ್ಲಿ ನಿಂತು ಪರರ ಬಾಳನ್ನು ಇಣುಕುವುದು ಎಲ್ಲಿಯವರೆಗೆ ಕುತೂಹಲ, ಎಲ್ಲಿಂದಾಚೆಗೆ ಅಪರಾಧ? ಈ ಪ್ರಶ್ನೆಗಳನ್ನೇ ವಸ್ತುವಾಗಿ ಹಿಡಿದ ರೋಮಾಂಚಕ ಚಲನಚಿತ್ರಗಳು ಹಲವು ಬಂದಿವೆ. ಅವು ಚಿತ್ರಗಳಾಗಿ ಗೆದ್ದಿವೆಯೆ ಎಂಬುದು ಇಲ್ಲಿನ ವಿಚಾರ. ಗೆಲವೆಂದರೆ ಗಲ್ಲಾಪೆಟ್ಟಿಗೆಯ ಗೆಲವಲ್ಲ. ಕೇಳಿದ ಪ್ರಶ್ನೆಗೆ ಚಿತ್ರವು ತಾನೇ ನಿಷ್ಠವಾಗಿ ನಡೆದುಕೊಂಡಿತೆ ಎಂಬುದು.

ಈ ಪ್ರಶ್ನೆ ಕನ್ನಡಿಗರಿಗೆ ಹೊಸದಲ್ಲ. 1209ರಲ್ಲಿ ಜನ್ನನು ಬರೆದ ‘ಯಶೋಧರ ಚರಿತೆ’ಯನ್ನು ನೆನೆಯಿರಿ. ಅರಸನು ನಟ್ಟಿರುಳಿನಲ್ಲಿ ರಾಣಿ ಅಮೃತಮತಿಯ ಬೆನ್ನ ಹಿಂದೆಯೇ ಹೋಗಿ, ಮಾವಟಿಗನ ಬಳಿ ಅವಳು ಪಡುವ ಪಾಡನ್ನು ಮರೆಯಿಂದ ನೋಡುತ್ತಾನೆ. ಕತ್ತಿಗೆ ಕೈ ಹೋಗುತ್ತದೆ, ತಡೆದುಕೊಳ್ಳುತ್ತಾನೆ. ಆದರೆ ಕಂಡದ್ದು ಅವನನ್ನು ಬಿಡುವುದಿಲ್ಲ. ಮುಂದೆ ತಾಯಿಯ ಒತ್ತಾಯಕ್ಕೆ ಮಣಿದು ಜೀವಬಲಿಗೆ ಬದಲಾಗಿ ಹಿಟ್ಟಿನ ಕೋಳಿಯನ್ನು ಕಡಿದಾಗ ಆ ಕೋಳಿ ಕೂಗಿಬಿಡುತ್ತದೆ. ಬೊಂಬೆಯನ್ನು ಕಡಿದರೂ ಸಂಕಲ್ಪವು ಹಿಂಸೆಯೇ ಎಂದು ಕವಿಯ ತೀರ್ಪು. ಅದರ ಫಲ ಜನ್ಮಜನ್ಮಾಂತರಕ್ಕೆ ಹಬ್ಬುತ್ತದೆ. ತೆರೆಯ ಮೇಲಿನ ರಕ್ತವೂ ಬಣ್ಣದ ನೀರೇ, ಹಿಟ್ಟಿನ ಕೋಳಿಯೇ. ಆ ಕೋಳಿಯ ಕೂಗು ನೋಡುವವನ ಕಿವಿಗೆ ಬೀಳುವಂತೆ ಮಾಡಬಲ್ಲ ಚಿತ್ರವೇ ಗೆದ್ದ ಚಿತ್ರ.

ನಮ್ಮ ಲಾಕ್ಷಣಿಕರೂ ಈ ಅಪಾಯವನ್ನು ಬಲ್ಲವರಾಗಿದ್ದರು. ಧನಂಜಯನ ‘ದಶರೂಪಕ’ವು ವಧೆ, ಯುದ್ಧ ಮೊದಲಾದವನ್ನು ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಬಾರದೆಂದು ವಿಧಿಸುತ್ತದೆ, ಅವನ್ನು ಸೂಚಿಸಿದರೆ ಸಾಕು. ಭಯಾನಕವನ್ನು ರಸವೆಂದು ಒಪ್ಪಿದ ಪರಂಪರೆಯೇ ಈ ಕಟ್ಟನ್ನೂ ಹಾಕಿತು. ಕಾಣದ್ದನ್ನು ಮನಸ್ಸು ತುಂಬಿಕೊಳ್ಳುತ್ತದೆ, ತುಂಬಿಕೊಂಡ ಮನಸ್ಸು ತಾನೂ ಪಾಲುದಾರನಾಗುತ್ತದೆ.

1960ರಲ್ಲಿ ಈ ಬಗೆಯ ಎರಡು ಚಿತ್ರಗಳು ಬಂದವು. ಹಿಚ್‌ಕಾಕನ ‘ಸೈಕೋ’ದಲ್ಲಿ ಗೋಡೆಯ ರಂಧ್ರದಿಂದ ಹೆಣ್ಣನ್ನು ಇಣುಕುವವನ ಕಣ್ಣಿನ ಜಾಗದಲ್ಲಿ ಕ್ಯಾಮೆರಾ ನಮ್ಮನ್ನೇ ನಿಲ್ಲಿಸುತ್ತದೆ. ಆ ಬಳಿಕ ಕೊಲೆ. ಒಂದು ನಿಮಿಷಕ್ಕೂ ಕಡಿಮೆ ಅವಧಿಯ ಆ ದೃಶ್ಯದಲ್ಲಿ ಚೂರಿ ಮೈಯನ್ನು ಕೊಯ್ಯುವುದು ಕಾಣುವುದೇ ಇಲ್ಲವೆನ್ನಬಹುದು. ಬರ್ನಾರ್ಡ್ ಹರ್ಮನ್ ನುಡಿಸಿದ ತಂತಿವಾದ್ಯಗಳ ಚೀರಾಟವೇ ಕೊಯ್ಯುತ್ತದೆ. ಅದೇ ವರ್ಷ ಮೈಕೇಲ್ ಪೊವೆಲ್ ತೆಗೆದ ‘ಪೀಪಿಂಗ್ ಟಾಮ್’ನಲ್ಲಿ ಕೊಲೆಗಾರನೇ ಛಾಯಾಗ್ರಾಹಕ, ಸಾಯುವವರ ಭಯವನ್ನು ಸೆರೆಹಿಡಿಯುವುದು ಅವನ ವ್ಯಸನ. ಬ್ರಿಟನ್ನಿನ ವಿಮರ್ಶಕರು ಹಳಿದರು, ಪೊವೆಲನ ವೃತ್ತಿಗೇ ಪೆಟ್ಟು ಬಿತ್ತು. ನೋಡುಗನೇ ಆರೋಪಿಯೆಂಬ ಮಾತು ಅಂದು ಯಾರಿಗೂ ರುಚಿಸಲಿಲ್ಲ. ಹಲವು ವರ್ಷಗಳ ಬಳಿಕ ಅದಕ್ಕೆ ಶ್ರೇಷ್ಠತೆಯ ಮನ್ನಣೆ ಸಿಕ್ಕಿತು.

1996ರಲ್ಲಿ ಸ್ಪೇನಿನ ಅಮೆನಾಬಾರ್ ತೆಗೆದ ‘ಟೆಸಿಸ್’ನ ನಾಯಕಿ ದೃಶ್ಯಹಿಂಸೆಯನ್ನು ಕುರಿತು ಪ್ರಬಂಧ ಬರೆಯುವ ವಿದ್ಯಾರ್ಥಿನಿ. ಆರಂಭದಲ್ಲಿ ರೈಲು ಹಳಿಯ ಮೇಲೆ ಸತ್ತವನನ್ನು ನೋಡಬೇಡಿರೆಂದು ಹೇಳಿದರೂ ಅವಳು ಕತ್ತು ಚಾಚುತ್ತಾಳೆ. ಕತ್ತು ಚಾಚಿದವರು ನಾವೂ ಹೌದು, ಆದರೆ ಶವವನ್ನು ತೋರಿಸುವುದಿಲ್ಲ. ಕಥೆಯ ನಡುವೆ, ಕೊಲೆಗಾರನಾರೆಂಬ ಓಟಾಟದಲ್ಲಿ ಮೂಲ ಪ್ರಶ್ನೆ ಕೊಂಚ ಮಸಕಾಗುತ್ತದೆ. ಕೊನೆಗೆ ಆಸ್ಪತ್ರೆಯ ರೋಗಿಗಳೆಲ್ಲ ಕೊಲೆಯ ದೃಶ್ಯಕ್ಕಾಗಿ ದೂರದರ್ಶನದ ಮುಂದೆ ಕಾದಿರುವಾಗ, ಅದನ್ನು ನಮಗೆ ತೋರದೆಯೇ ಚಿತ್ರ ಮುಗಿದು ಮತ್ತೆ ಗೆಲ್ಲುತ್ತದೆ.

ನಮ್ಮಲ್ಲಿ ಹೇಗೆ? ಹೊಸಕೋಟೆಯ ಬಳಿಯ ಹಳ್ಳಿಯೊಂದರ ಹೆಸರಿನಿಂದ ಕುಖ್ಯಾತವಾದ ತಂಡದ ಕೃತ್ಯಗಳನ್ನು ಆಧರಿಸಿ 2012ರಲ್ಲಿ ‘ದಂಡುಪಾಳ್ಯ’ ಬಂದಿತು. ಜನ ಮುಗಿಬಿದ್ದರು, ಉತ್ತರಭಾಗಗಳೂ ಬಂದವು. ಅದರ ಹಿಂದೆ ನಿಜವಾಗಿ ಸತ್ತವರ ಮನೆಗಳಿವೆ. ಕ್ರೌರ್ಯವನ್ನು ಖಂಡಿಸುತ್ತೇನೆಂದು ಹೊರಟ ಕಥೆ ಕ್ರೌರ್ಯವನ್ನೇ ಬಿಚ್ಚಿಬಿಚ್ಚಿ ಬಡಿಸಿದರೆ ಖಂಡನೆ ನಿಲ್ಲುವುದೆಲ್ಲಿ? ಕೋಳಿ ಕಡಿಯಿತು, ಕೂಗು ಕೇಳಲಿಲ್ಲ.

ಇದಕ್ಕೆ ಎದುರಾಗಿ, ಹಿಂಸೆಯ ಕಥೆಯಲ್ಲವಾದರೂ, ಸುನಿಲ್ ಕುಮಾರ್ ದೇಸಾಯಿಯವರ ‘ಬೆಳದಿಂಗಳ ಬಾಲೆ’ಯನ್ನು (1995) ಇಡಬಹುದು. ಅನಂತನಾಗರ ಚದುರಂಗದ ಆಟಗಾರನಿಗೆ ದೂರವಾಣಿಯಲ್ಲಿ ಒಂದು ಹೆಣ್ಣುದನಿ. ತನ್ನನ್ನು ಕಂಡುಹಿಡಿಯೆಂದು ಸವಾಲು. ನೋಡುವ ನಮ್ಮ ಆಸೆಯನ್ನು ಕೆರಳಿಸಿ, ಮುಖವನ್ನು ಮಾತ್ರ ತೋರದೆ ಚಿತ್ರ ಸಾಗುತ್ತದೆ. ಕಣ್ಣಿಗೆ ಸಿಗದುದನ್ನು ಕಿವಿಯಲ್ಲಿ ಕಟ್ಟಿಕೊಳ್ಳುವ ಸುಖ ರೇಡಿಯೋ ಕೇಳುವ ಮನೆಗಳಿಗೆ ಹೇಳಿಕೊಡಬೇಕಾದುದಲ್ಲ.

ಸಿನಿಮಾ ಮಂದಿರಕ್ಕೆ ಕಾನೂನಿನ ಬಾಗಿಲೊಂದಿದೆ. 1952ರ ಚಲನಚಿತ್ರ ಕಾಯಿದೆಯ ‘ಎ’ ಪತ್ರ ವಯಸ್ಕರಿಗೆ. 1983ರಲ್ಲಿ ಬಂದ ‘ಯುಎ’ ದರ್ಜೆಯನ್ನು 2023ರ ತಿದ್ದುಪಡಿ 7, 13, 16 ವಯಸ್ಸುಗಳಿಗೆ ವಿಂಗಡಿಸಿತು. ಆದರೆ ಕೈಯೊಳಗಿನ ಮೊಬೈಲಿಗೆ ಬಾಗಿಲಿಲ್ಲ. ತೆರಕಣಾಂಬಿಯಂಥ ಊರಿನಲ್ಲೂ ಹೆದ್ದಾರಿಯ ಅಪಘಾತ ಗಾಯಾಳು ಆಸ್ಪತ್ರೆ ಮುಟ್ಟುವ ಮೊದಲೇ ಮಕ್ಕಳ ಕೈಯಿಂದ ಕೈಗೆ ದಾಟುತ್ತದೆ. ಅಲ್ಲಿ ಬಿದ್ದಿರುವುದು ಹಿಟ್ಟಿನ ಕೋಳಿಯಲ್ಲ, ಯಾರದೋ ಮನೆಯ ಮಗ.

ಆದುದರಿಂದ ಇಂಥ ಚಿತ್ರಗಳನ್ನು ಮಕ್ಕಳಿಂದ ಮುಚ್ಚಿಡುವುದೊಂದೇ ದಾರಿಯಲ್ಲ. ವಯಸ್ಸಿಗೆ ತಕ್ಕುದನ್ನು ಆರಿಸಿ ಜೊತೆಗೆ ಕುಳಿತು ನೋಡಿ, ಮುಗಿದ ಮೇಲೆ ಒಂದು ಮಾತು ಕೇಳಬೇಕು: “ಇದನ್ನು ನೋಡುವಾಗ ನೀನು ಯಾರ ಕಣ್ಣಿನಿಂದ ನೋಡಿದೆ? ಹೊಡೆದವನದೋ, ಬಿದ್ದವನದೋ?” ಮಗುವಿನಲ್ಲಿ ಈ ಪ್ರಶ್ನೆಯನ್ನು ಎಬ್ಬಿಸುವ ಚಿತ್ರ ಗೆದ್ದಿತೆಂದು ಧಾರಾಳವಾಗಿ ಹೇಳಬಹುದು.