ಚಳಿಗಾಲದ ಕೊಳವೆಗೆ ಹನಿ ನೀರೇ ಶತ್ರು

ಅಮೆರಿಕದ ಮಿನೆಸೋಟಾ ರಾಜ್ಯದ ಹಳ್ಳಿಗಾಡಿನ ಬಹುಪಾಲು ಮನೆಗಳಿಗೆ ನಗರದ ಒಳಚರಂಡಿ ಇಲ್ಲ. ಮನೆಯ ಕೊಳಚೆ ಮೊದಲು ಅಂಗಳದಲ್ಲಿ ಹೂತಿಟ್ಟ ಸೆಪ್ಟಿಕ್ ಟ್ಯಾಂಕಿಗೆ ಹೋಗುತ್ತದೆ. ಅಲ್ಲಿ ತಿಳಿಯಾದ ನೀರು ಮುಂದೆ ‘ಇಂಗುನೆಲ’ಕ್ಕೆ ಸಾಗಿ ಮಣ್ಣಿನಲ್ಲಿ ಇಂಗುತ್ತದೆ. ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಗಿಂತ 20–30 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವ ಸೀಮೆಯದು. ಕೊಳವೆ ಹೆಪ್ಪುಗಟ್ಟಿತೆಂದರೆ ಕೊಳಚೆ ಹಿಂದಕ್ಕೆ ಬಂದು ನೆಲಮಾಳಿಗೆಯಲ್ಲಿ ಉಕ್ಕುತ್ತದೆ.

ಹಿಮ ಹೆಚ್ಚು ಬಿದ್ದಷ್ಟೂ ಅಪಾಯ ಹೆಚ್ಚು ಎಂದು ನಮಗೆ ತೋರಬಹುದು. ನಿಜ ಬೇರೆ. ಹೊಸ ಹಿಮದಲ್ಲಿ ಗಾಳಿಯೇ ಹೆಚ್ಚು. ಅದು ಕಂಬಳಿಯಂತೆ ನೆಲದ ಶಾಖವನ್ನು ಹಿಡಿದಿಡುತ್ತದೆ. ಹಿಮ ಬೀಳುವ ಮೊದಲೇ ಚಳಿ ಬಿಗಿದರೆ ಕೊಳವೆಗಳಿಗೆ ಕಷ್ಟ. ಟ್ಯಾಂಕಿನ ಮೇಲೆ ವಾಹನ ಓಡಾಡಿ ಹಿಮ ತುಳಿದು ಗಟ್ಟಿಯಾದರೂ ಅಷ್ಟೇ: ಗಾಳಿ ಹೊರಬಿದ್ದು ಚಳಿ ಆಳಕ್ಕಿಳಿಯುತ್ತದೆ. ಅದು ಇಳಿಯುವುದೂ ನಿಧಾನ. ಹೊರಗೆ ಬಿಸಿಲೇರತೊಡಗಿದ ಫೆಬ್ರವರಿ, ಮಾರ್ಚ್‌ನಲ್ಲೇ ಎಷ್ಟೋ ಕೊಳವೆಗಳು ಕಟ್ಟಿಕೊಳ್ಳುವುದು ಇದರಿಂದ.

ಎರಡನೆಯ ಕಾರಣ ಇನ್ನೂ ಸೂಕ್ಷ್ಮ. ಸ್ನಾನದ ನೀರು ಬೆಚ್ಚಗಿರುತ್ತದೆ, ರಭಸದಿಂದ ಟ್ಯಾಂಕು ಸೇರಿಬಿಡುತ್ತದೆ. ಸೋರುವ ನಲ್ಲಿಯ ಹನಿ ಹಾಗಲ್ಲ. ದಾರಿಯಲ್ಲೇ ತಣಿದು ತೆಳುವಾಗಿ ಹೆಪ್ಪುಗಟ್ಟುತ್ತದೆ. ಪದರದ ಮೇಲೆ ಪದರ ಕೂತು ಕೊಳವೆಯ ಬಾಯಿ ಮುಚ್ಚುತ್ತದೆ. ಮನೆ ಕಾಯಿಸುವ ಆಧುನಿಕ ಫರ್ನೇಸುಗಳಿಂದ ತೊಟ್ಟಿಕ್ಕುವ ನೀರೂ ಇದೇ ಕೆಲಸ ಮಾಡುತ್ತದೆ. ಮಣ್ಣು ಕುಸಿದು ಕೊಳವೆ ಬಾಗಿದ್ದರೆ ತಗ್ಗಿನಲ್ಲಿ ನಿಂತ ನೀರು ಮೊದಲು ಗಡ್ಡೆಯಾಗುತ್ತದೆ.

ಹೀಗಾಗಿ ಶರತ್ಕಾಲದಲ್ಲೇ ಎಚ್ಚರ ಬೇಕು. ಟ್ಯಾಂಕು ಮತ್ತು ಇಂಗುನೆಲದ ಮೇಲಿನ ಹುಲ್ಲನ್ನು ಕತ್ತರಿಸದೆ ಬೆಳೆಯಲು ಬಿಡುವುದು, ಒಣಹುಲ್ಲನ್ನು 20–30 ಸೆಂಟಿಮೀಟರ್ ದಪ್ಪ ಹರಡುವುದು, ಸೋರಿಕೆ ನಿಲ್ಲಿಸುವುದು, ಬಟ್ಟೆ ಒಗೆತವನ್ನು ಒಂದೇ ದಿನಕ್ಕೆ ಇಟ್ಟುಕೊಳ್ಳದೆ ವಾರವಿಡೀ ಹಂಚಿಕೊಳ್ಳುವುದು. ಹೊಸದಾಗಿ ಕಟ್ಟುವವರು ಕೊಳವೆಗೆ ಸರಿಯಾದ ಇಳಿಜಾರು ಕೊಟ್ಟು, ಶಾಖನಿರೋಧಕ ಹೊದಿಕೆ ಹಾಕಿಸುವುದು ಒಳ್ಳೆಯದು.

ನಲ್ಲಿಯನ್ನು ಸದಾ ತೆರೆದಿಟ್ಟರೆ ಸಾಲದೇ? 2014ರ ಕಡುಚಳಿಯಲ್ಲಿ ಕೆನಡಾದ ವಿನ್ನಿಪೆಗ್ ನಗರಾಡಳಿತ ಅಪಾಯದಲ್ಲಿದ್ದ ಮನೆಗಳವರಿಗೆ ಅದನ್ನೇ ಹೇಳಿತ್ತು. ಆದರೆ ಅದು ಕುಡಿಯುವ ನೀರಿನ ಕೊಳವೆ ಉಳಿಸಲು. ಹರಿದ ನೀರಿಗೆ ನಗರದ ಚರಂಡಿಯಿತ್ತು. ಸೆಪ್ಟಿಕ್ ಇರುವ ಮನೆಯಲ್ಲಿ ಹಾಗೆ ಮಾಡಿದರೆ ಇಂಗುನೆಲ ತುಂಬಿ ಕೆಡುತ್ತದೆ. ಉಪ್ಪನ್ನೋ ರಾಸಾಯನಿಕವನ್ನೋ ಸುರಿಯಲೂ ಬಾರದು: ಕೊಳಚೆ ಕರಗಿಸುವ ಬ್ಯಾಕ್ಟೀರಿಯಾಗಳಿಗೆ ಹಾನಿ, ಅಂತರ್ಜಲಕ್ಕೂ ಹಾನಿ.

ಕೊಳವೆಯಷ್ಟೇ ಕಟ್ಟಿದ್ದರೆ ತಂತ್ರಜ್ಞರು ಹಬೆಯಿಂದಲೋ ಬಿಸಿನೀರಿನ ಜೆಟ್‌ನಿಂದಲೋ ಬಿಡಿಸುತ್ತಾರೆ. ಇಂಗುನೆಲವೇ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವುದು ಸಾಮಾನ್ಯವಾಗಿ ಆಗದ ಮಾತು. ವಸಂತ ಬರುವವರೆಗೆ ನೀರು ಮಿತವಾಗಿ ಬಳಸುತ್ತ, ಟ್ಯಾಂಕು ತುಂಬಿದಾಗಲೆಲ್ಲ ಹಣ ತೆತ್ತು ಲಾರಿ ಕರೆಸಿ ಖಾಲಿ ಮಾಡಿಸಬೇಕು.